ದಾವಲ್‌ಬೀ ಹೆಸರಿನ ಹುಳ

ಸಿಂಧನೂರಿನಲ್ಲಿ ಅಕ್ಕಿಗೇನು ಬರ? ಕಾಲುವೆಗೆ ನೀರು ಬಂದಾಗಿನಿಂದ ಈ ಊರಿನ ಗಾಳಿಯೇ ತೌಡಿನ ವಾಸನೆ ಹೊಡೆಯುತ್ತದೆ. ಆದರೆ ಅಕ್ಕಿ ಇರುವುದು ಬೇರೆ, ಹಸನಾದ ಅಕ್ಕಿ ಇರುವುದು ಬೇರೆ. ಮಿಲ್ಲುಗಳಿಗೆ ಎಂಥೆಂಥ ಯಂತ್ರ ಬಂದರೂ ಮದುವೆಯ ಅಕ್ಕಿ, ಮಠದ ದಾಸೋಹದ ಅಕ್ಕಿ, ಉರುಸಿನ ಅಕ್ಕಿ ಎಂದರೆ ಪಂಪಾಪತಿಯ ಅಂಗಡಿಯ ಹಿಂದಿನ ಪಡಸಾಲೆಗೆ ಹೋಗಿ ದಾವಲ್‌ಬೀಯ ಮೊರದಲ್ಲಿ ಒಂದು ಸಲ ಕುಣಿದೇ ಬರಬೇಕು. ಮೂವತ್ತೈದು ವರ್ಷದಿಂದ ಅದೇ ಕೆಲಸ. ಹಳ್ಳು ಒಂದು ಕಡೆ, ನುಚ್ಚು ಒಂದು ಕಡೆ, ಹುಳ ಹೊರಗೆ. ಗಿರಾಕಿಗಳು ಚೀಲ ಬಿಚ್ಚಿ ನೋಡುತ್ತಿರಲಿಲ್ಲ. "ದಾವಲ್‌ಬೀ ಕೈ ಆಡ್ಸ್ಯಾಳೇನು?" ಎಂದು ಕೇಳುವುದು, ಪಂಪಾಪತಿ "ಹೂಂ" ಎಂದರೆ ಹೊತ್ತುಕೊಂಡು ನಡೆಯುವುದು. ಓದು ಬರಹ ಬಾರದ ಆ ವಿಧವೆಗೆ ಇದ್ದ ಆಸ್ತಿ ಅದೊಂದೇ, ಆ ಹೆಸರು. ಅದರ ಮೇಲೆ ನೊಣ ಕೂರಲೂ ಆಕೆ ಬಿಟ್ಟವಳಲ್ಲ.

ಅಂಥ ಹೆಸರಿನ ಮೇಲೆ ಪುಷ್ಯ ಮಾಸದ ಒಂದು ಭಾನುವಾರ ಬೆಳಿಗ್ಗೆ ಒಂದು ಡಬ್ಬಿ ಹುಳ ಬಂದು ಬಿತ್ತು.

ಪಕ್ಕದ ಮನೆಯ ನಜಮಾ ಮೊಬೈಲು ಹಿಡಿದು ಓಡಿ ಬಂದಳು. "ಖಾಲಾ, ನಿಮ್ಮ ಹೆಸರು ಊರ ತುಂಬ ಆಗೈತಿ, ನೋಡ್ರಿ!"

ಮೊಬೈಲಿನಲ್ಲಿ ಹಣೆಗೆ ಮೂರು ಬೆರಳು ವಿಭೂತಿ ಬಳಿದ, ದಪ್ಪ ಮೀಸೆಯ ಗಂಡಸೊಬ್ಬ ಗುಡುಗುತ್ತಿದ್ದ. "ನಾ ಲಿಂಗಸುಗೂರಿನ ಅಮರಗುಂಡಪ್ಪ ಮಾತಾಡಾಕತ್ತೀನಿ. ಮಗನಂಗ ಸಾಕಿದ ನಮ್ಮ ಚಿನ್ನಪ್ಪನ ಗತಿ ನೋಡ್ರಪಾ!" ಚಿನ್ನಪ್ಪ ಎಂದರೆ ಗಾಜಿನ ಪೆಟ್ಟಿಗೆಯೊಳಗೆ ಮರಳಿನ ಮೇಲೆ ಮಲಗಿದ್ದ ಒಂದು ಮೊಳ ಉದ್ದದ ಹಳದಿ ಪ್ರಾಣಿ. ಓತಿಕ್ಯಾತದ ಜಾತಿಯದೇ, ಆದರೆ ಗದ್ದದ ಕೆಳಗೆ ಮುಳ್ಳು ಮುಳ್ಳಾದ ಗಡ್ಡ. ಅದರ ಹೊಟ್ಟೆಯ ಪಕ್ಕದಲ್ಲಿ, ಹಿಂಗಾಲಿನ ಸಂದಿಯಲ್ಲಿ, ಕೆಂಪು ಗಾಯ. "ಇದಕ್ಕ ಹುಳ ತಿನ್ನಿಸಿದ್ವಿ. ತಿಂದ ಹುಳ ಒಳಗ ಜೀವಂತ ಉಳದು, ಹೊಟ್ಟಿ ಕೊರಕೊಂಡು ಹೊರಗ ಬಂದಾವ! ಯಾರ ಹುಳ ಅಂತೀರಿ? ಓದ್ಕೋರಿ!" ಎಂದು ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಮುಂದೆ ಹಿಡಿದ. ನಜಮಾ ಓದಿ ಹೇಳಿದಳು: ದಾವಲ್‌ಬೀ ಹುಳಗಳು, ಸಿಂಧನೂರು. "ಈ ಹೆಸರು ನೆಪ್ಪಿಡ್ರಿ. ಈ ದಾವಲ್‌ಬೀ ಕೈಯಾಗಿಂದ ಏನೂ ತಗೋಬ್ಯಾಡ್ರಿ!"

ದಾವಲ್‌ಬೀ ಮೊದಲು ನಕ್ಕೇಬಿಟ್ಟಳು. "ಅದ್ಯಾವ ದಾವಲ್‌ಬೀನೋ, ಪಾಪ. ನಮ್ಮ ಹೆಸರಿನವ್ರು ಎಷ್ಟು ಮಂದಿ ಇಲ್ಲ?"

ನಜಮಾ ನಗಲಿಲ್ಲ. ಒಲೆಯ ಮುಂದೆ ಕೂತಿದ್ದ ಸೊಸೆ ನಾಹಿದಾ ತಲೆ ತಗ್ಗಿಸಿ ಸೆರಗಿನ ಅಂಚು ಹೊಸೆಯತೊಡಗಿದಳು. ದಾವಲ್‌ಬೀಯ ನಗು ಅಲ್ಲಿಗೇ ನಿಂತಿತು.

ಮೇಲಿನ ಖೋಲಿಯಲ್ಲಿ ಸೊಸೆ ಒಂದು ವರ್ಷದಿಂದ ಏನೋ ಸಾಕುತ್ತಾಳೆ ಎಂಬುದು ಅತ್ತೆಗೆ ಗೊತ್ತಿತ್ತು. ಮಗ ದಾನಿಷ್ ಮಿಲ್ಲಿನಿಂದ ತೌಡು ತಂದು ಮೇಲೆ ಹೊರುತ್ತಿದ್ದ. ಕೇಳಿದರೆ "ಕೋಳಿಮರಿ ಮೇವು ಅಮ್ಮಿ" ಎನ್ನುತ್ತಿದ್ದರು. ಮೊಣಕಾಲು ನೋವಿನ ದಾವಲ್‌ಬೀ ಮೆಟ್ಟಿಲು ಹತ್ತಿ ನೋಡಿರಲಿಲ್ಲ. ಈಗ ಎಲ್ಲ ಹೊರಗೆ ಬಿತ್ತು. ಬಳ್ಳಾರಿ, ಹುಬ್ಬಳ್ಳಿ, ಹೈದರಾಬಾದಿನಲ್ಲಿ ಮೀನು, ಹಕ್ಕಿ, ಓತಿಕ್ಯಾತ ಸಾಕುವವರಿದ್ದಾರಂತೆ. ಅವಕ್ಕೆ ಜೀವಂತ ಹುಳವೇ ಬೇಕಂತೆ. ತೌಡಿನಲ್ಲಿ ಬೆಳೆದ ಹುಳಗಳನ್ನು ಡಬ್ಬಿಗೆ ತುಂಬಿ ಕಳಿಸುವುದೇ ನಾಹಿದಾಳ ದಂಧೆ.

"ಅದಕ್ಕ ನನ್ನ ಹೆಸರು ಯಾಕ ಬೇ?"

"ಕೇಳಿದ್ರ ಬ್ಯಾಡ ಅಂತಿದ್ರಿ ಅಮ್ಮಿ. ನಿಮ್ಮ ಹೆಸರಂದ್ರ ಜನ ಕಣ್ಣು ಮುಚ್ಚಿ ತಗೋತಾರ. ಅದಕ್ಕೇ..."

"ಯಾ ಅಲ್ಲಾ! ಹುಳ ತಗದು ತಗದು ಗಳಿಸಿದ ಹೆಸರು ಅದು. ಅದನ್ನ ತಗೊಂಡು ಹೋಗಿ ಹುಳದ ಮ್ಯಾಲ ಅಂಟಿಸೀಯಲ್ಲ! ಸಂಜಿ ಅನ್ನೂದ್ರಾಗ ಆ ದರಿದ್ರ ಎಲ್ಲಾ ಕಾಲುವಿಗೆ ಬೀಳಬೇಕು. ಇಲ್ಲಾ ಅಂದ್ರ ನಾನೇ ಬೀಳ್ತೀನಿ!"

ಹೀಗೆ ಬೈದು, ಬೈದದ್ದು ಸಾಲದೆ ತಲೆಬಾಗಿಲನ್ನು ದಢಾರನೆ ಎಳೆದುಕೊಂಡು ದಾವಲ್‌ಬೀ ಅಂಗಡಿಗೆ ನಡೆದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಈಗ ಕೈಗೊಂದು ಮೊಬೈಲೂ ಸಿಕ್ಕಿದೆ, ಕೇಳಬೇಕೇ? ಬಜಾರಿನಲ್ಲಿ ಚಹದಂಗಡಿಯವನಿಂದ ಹಿಡಿದು ಬಳೆಗಾರ್ತಿಯವರೆಗೆ ಎಲ್ಲರೂ ನೋಡಿದ್ದರು. ಪಂಪಾಪತಿ ಗಲ್ಲೆಯ ಮೇಲಿಂದ ಎದ್ದು ಬಂದು, ಆಕೆಯ ಮುಖ ನೋಡಲಾರದೆ ತಕ್ಕಡಿಯ ಸರಪಳಿ ನೋಡುತ್ತ ಹೇಳಿದ. "ಒಂದೆರಡು ದಿನ ಮನಿಯಾಗ ಆರಾಮ ತಗೋ ದಾವಲ್‌ಬೀ. ನನ್ನ ಮನಸಿನ್ಯಾಗ ಏನೂ ಇಲ್ಲ. ಆದ್ರ ಗಿರಾಕಿ ಇವತ್ತು ಚೀಲ ಬಿಚ್ಚಿ ನೋಡಾಕತ್ತಾರ."

ಚೀಲ ಬಿಚ್ಚಿ ನೋಡುತ್ತಿದ್ದಾರೆ! ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ದಾವಲ್‌ಬೀ ಅಲ್ಲಿಂದ ನೇರ ಮನೆಗೆ ಬಂದಳು. ನಾಹಿದಾ ಅಳುತ್ತ ಮೇಲಿನ ಟ್ರೇಗಳನ್ನು ಇಳಿಸುತ್ತಿದ್ದಳು.

"ಇಡು ಅದನ್ನ. ಬುರ್ಖಾ ಹಾಕ್ಕೋ. ಲಿಂಗಸುಗೂರಿಗೆ ಹೋಗೂದೈತಿ."

"ಮಾಫಿ ಕೇಳಾಕೇನ್ರಿ ಅಮ್ಮಿ?"

"ತಪ್ಪು ನಮ್ದಿದ್ರ ಕಾಲು ಹಿಡಿಯಾಕ. ಅವನ್ದಿದ್ರ ಕಿವಿ ಹಿಡಿಯಾಕ. ನಡಿ!"

ಆಧಾರ್ ಕಾರ್ಡು ತೋರಿಸಿ ಟಿಕೀಟು ಹರಿಸಿಕೊಂಡು ಇಬ್ಬರೂ ಬಸ್ಸಿನ ಕಿಟಕಿಯ ಪಕ್ಕ ಕೂತರು. ನಾಹಿದಾಳ ತೊಡೆಯ ಮೇಲೆ ಒಂದು ಡಬ್ಬಿ. ಊರು ದಾಟಿ ಹಸಿರು ಗದ್ದೆಗಳು ಶುರುವಾದ ಮೇಲೆ ದಾವಲ್‌ಬೀ ಕೈ ಚಾಚಿ ಅದನ್ನು ಇಸಿದುಕೊಂಡು ಮುಚ್ಚಳ ತೆಗೆದಳು. ತೌಡಿನ ನಡುವೆ ಹೊನ್ನ ಬಣ್ಣದ, ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಹುಳಗಳು ಮಿಜಿಗುಟ್ಟುತ್ತಿದ್ದವು. ಆಕೆಗೆ ಹೇಸಿಗೆಯಾಗಲಿಲ್ಲ. ಜೀವಮಾನವಿಡೀ ಹುಳ ನೋಡಿದ ಕಣ್ಣು, ಇವು ಚೊಕ್ಕ ಇದ್ದವು, ಒಂದೂ ಕಪ್ಪಾಗಿರಲಿಲ್ಲ, ಒಂದೂ ಸತ್ತಿರಲಿಲ್ಲ. ಹುಡುಗಿ ಕೆಲಸ ನೀಟಾಗಿ ಮಾಡಿದ್ದಾಳೆ ಎಂದು ಒಳಗೊಳಗೇ ಅನ್ನಿಸಿತು. ಬಾಯಿ ಬಿಟ್ಟು ಹೇಳಲಿಲ್ಲ, ಅತ್ತೆಯಲ್ಲವೇ!

"ಖರೇ ಹೇಳು. ನಿನ್ನ ಹುಳ ಹೊಟ್ಯಾಗ ಹೋಗಿ ಕೊರೀತಾವೇನು?"

"ಇಲ್ರಿ ಅಮ್ಮಿ, ಅದು ಬರೇ ಪುಕಾರು. ಓತಿಕ್ಯಾತ ಅಗದೇ ನುಂಗ್ತದ. ಒಳಗ ಉಸುರಿಲ್ಲ, ಸುಡೂವಂಥಾ ರಸ. ಅಲ್ಲಿ ಹುಳ ಹೆಂಗ ಉಳೀತದ?" ನಾಹಿದಾ ದನಿ ತಗ್ಗಿಸಿದಳು. "ಜೀವಂತ ಹುಳದ ಖರೇ ಅಪಾಯ ಬ್ಯಾರೇ ಐತ್ರಿ. ತಿನ್ನದೇ ಉಳದ್ರ, ಹಸಿದು, ಮಲಗಿದ ಪ್ರಾಣಿಗೇ ಬಾಯಿ ಹಾಕ್ತಾವ. ಅದಕ್ಕ ನಾ ಬೆಳಿಗ್ಗಿನೇ ಆ ವಿಡಿಯೋದ ಸಾಹುಕಾರ್ರಿಗೆ ಫೋನ್ ಮಾಡಿ ಕೇಳಿದೆ, ಹುಳ ಉಳೀತಾವೇನ್ರಿ ಅಂತ. ಒಂದೂ ಉಳಿಯಂಗಿಲ್ಲ, ಬೆಳಿಗ್ಗಿ ನೋಡಿದ್ರ ಎಲ್ಲಾ ಖಾಲಿ ಅಂದ್ರು. ಹಂಗಾದ್ರ ಗಾಯ ಹೆಂಗಾತು, ನನಗೂ ತಿಳಿವಲ್ದು."

ದಾವಲ್‌ಬೀ ಮುಚ್ಚಳ ಮುಚ್ಚಿದಳು. ತಿಳಿಯದಿದ್ದರೆ ತಿಳಿಯುವ ತನಕ ಮನೆಗೆ ಮರಳುವುದಿಲ್ಲ ಎಂದು ಮನಸ್ಸಿನಲ್ಲೇ ಹಟ ತೊಟ್ಟಳು.

ಮಸ್ಕಿಯ ಬಸ್ ನಿಲ್ದಾಣದಲ್ಲಿ ಪಶುವೈದ್ಯೆ ಶಿವಕುಮಾರಿ ಚೀಲ ಹಿಡಿದು ಕಾಯುತ್ತಿದ್ದಳು. ನಾಹಿದಾ ಫೋನು ಮಾಡಿ ಕಾಡಿ ಬೇಡಿ ಒಪ್ಪಿಸಿದ್ದಳು. ಬಸ್ಸು ಹತ್ತಿದವಳೇ ಡಾಕ್ಟರಮ್ಮ ನಕ್ಕಳು. "ದನ ನೋಡೀನಿ, ಕುರಿ ನೋಡೀನಿ, ಎಮ್ಮಿ ಒದಸ್ಕೊಂಡೀನಿ. ಗಡ್ಡದ ಓತಿಕ್ಯಾತನ್ನ ಪುಸ್ತಕದಾಗ ಅಷ್ಟ ನೋಡೀನಿ. ಆದ್ರ ಗಾಯ ಅಂದ್ರ ಗಾಯಾನೇ, ನಡೀರಿ." ಆ ಮಾತಿಗೆ ದಾವಲ್‌ಬೀಗೆ ಆಕೆ ಹಿಡಿಸಿದಳು.

ಅಮರಗುಂಡಪ್ಪ ಲಿಂಗಸುಗೂರಿನಲ್ಲಿ ತೊಗರಿ, ಹತ್ತಿ ವ್ಯಾಪಾರದ ಸಾಹುಕಾರ. ಮನೆಯ ಮುಂದೆ ಆಗಲೇ ಇಪ್ಪತ್ತು ಮೂವತ್ತು ಜನ, ಚಿನ್ನಪ್ಪನನ್ನು ನೋಡಲು ಬಂದವರು. ಅವರ ನಡುವಿನಿಂದ ಹಾದು ಗೇಟಿನ ಹತ್ತಿರ ನಿಂತು ದಾವಲ್‌ಬೀ ಹೆಸರು ಹೇಳಿದ್ದೇ ತಡ, ಸಾಹುಕಾರನ ಮೀಸೆ ನಿಗುರಿತು.

"ಓಹೋ, ನೀವೇನು ದಾವಲ್‌ಬೀ? ಬರ್ರಿ, ಬರ್ರಿ. ನಿಮ್ಮ ಹುಳದ ಪರಾಕ್ರಮ ನೋಡಾಕ ಬಂದೀರೇನು?"

ನಾಹಿದಾ ಹೆದರಿ ಕೈ ಜೋಡಿಸಿದಳು. "ಸಾಹುಕಾರ್ರೇ, ನಮ್ಮ ಅಮ್ಮಿದು ಏನೂ ತಪ್ಪಿಲ್ರಿ. ಇವತ್ತಿಂದ ಆ ಹೆಸರು ತಗದು ಹಾಕ್ತೀನಿ. ಆ ವಿಡಿಯೋ ಅಷ್ಟು..."

"ಏ, ಸುಮ್ಕಿರು!" ದಾವಲ್‌ಬೀ ಅಡ್ಡ ಬಂದಳು. "ಹೆಸರು ಆಮ್ಯಾಲ. ಮೊದಲ ಗಾಯ ತೋರಸ್ರಿ ಸಾಹುಕಾರ್ರೇ. ತಪ್ಪು ನಮ್ದಾದ್ರ ನಿಮ್ಮ ಮೊಬೈಲ್ ಮುಂದ ಕುಂತು ನಾನೇ ಹೇಳ್ತೀನಿ. ಆದ್ರ ನೋಡದ ಹೋಗಾಕಿ ನಾನಲ್ಲ."

ಮಾತಿಗೆ ಮಾತು ಬೆಳೆಯುವ ಹೊತ್ತಿಗೆ ಒಳಗಿನಿಂದ ಸಾಹುಕಾರನ ಹೆಂಡತಿ ಪಾರ್ವತೆಮ್ಮ ಬಂದಳು. ತುಂಬಿದ ಮೈ, ಅಳು ತುಂಬಿದ ಕಣ್ಣು. "ಮನಿ ಮುಂದ ಬಂದವ್ರನ್ನ ಬಿಸಲಾಗ ನಿಂದ್ರಿಸಿ ಜಗಳಾ ತಗೀತೀರೇನು? ಗಾಯಾ ನೋಡ್ಲಿ, ಊಟಾ ಮಾಡ್ಲಿ, ಆಮ್ಯಾಲ ಎಷ್ಟ ಬೇಕಷ್ಟ ಬೈರಿ!" ಎಂದು ಗಂಡನನ್ನು ಸರಿಸಿ ಮೂವರನ್ನೂ ಒಳಗೆ ಕರೆದಳು. ಊರಿಗೆಲ್ಲ ಗುಡುಗುವ ಅಮರಗುಂಡಪ್ಪ ಹೆಂಡತಿಯ ಮುಂದೆ ತಣ್ಣಗೆ ದಾರಿ ಬಿಟ್ಟ.

ಚಿನ್ನಪ್ಪನನ್ನು ಹೈದರಾಬಾದಿನಿಂದ ಕಾಗದಪತ್ರ ಸಮೇತ ತಂದವನು ಮಗ ಅನಿಲಕುಮಾರ. ತಂದದ್ದಷ್ಟೇ ಅವನು, ಸಾಕಿದವಳು ಪಾರ್ವತೆಮ್ಮ. ಶಿವಕುಮಾರಿ ಪ್ರಾಣಿಯನ್ನು ಎರಡೂ ಅಂಗೈಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದಳು. ಅದು ಒಂದು ಕಣ್ಣು ಅರ್ಧ ತೆರೆದು ಸುಮ್ಮನಿತ್ತು.

"ಸಾಹುಕಾರ್ರೇ, ಗಾಯ ಮ್ಯಾಲಿಂದ ಒಳಗ ಹೋಗೈತಿ, ಒಳಗಿಂದ ಹೊರಗ ಬಂದಿಲ್ಲ. ಚರ್ಮ ಅಷ್ಟ ಹರದೈತಿ, ಹೊಟ್ಟಿ ಗೋಡಿ ಗಟ್ಟಿ ಐತಿ. ಒಳಗಿಂದ ತೂತಾಗಿದ್ರ ಇದು ಇವತ್ತಿಗೆ ಉಳೀತಿರಲಿಲ್ಲ. ಔಷಧಿ ಹಚ್ಚಿ ಬೆಚ್ಚಗ ಇಟ್ರ ಉಳೀತದ."

ಉಳಿಯುತ್ತದೆ ಎಂಬ ಮಾತು ಕೇಳಿ ಪಾರ್ವತೆಮ್ಮ ಗಟ್ಟಿಯಾಗಿ ಅತ್ತೇಬಿಟ್ಟಳು. ಅಮರಗುಂಡಪ್ಪ ಮಾತ್ರ ಬಗ್ಗಲಿಲ್ಲ. "ಮ್ಯಾಲಿಂದ ಕಡದವ್ರು ಯಾರು ಹಂಗಾದ್ರ? ಇಲಿ ಬರಾಕ ಪೆಟಿಗಿಗೆ ಬಾಯಿ ಮುಚ್ಚೈತಿ. ಇರುವಿ ಇಲ್ಲ. ಒಳಗ ಹೋಗಿದ್ದು ಈ ಹುಳ ಒಂದೇ. ಹುಳ ಕಡದಿಲ್ಲ ಅಂದ್ರ ನಾನು ಕಡದೆನೇನು? ಡಾಕ್ಟರಮ್ಮನೂ ನಿಮ್ಮ ಕಡ್ಯಾಕಿನೇ, ಬಿಡ್ರಿ!" ಹೊರಗಿನ ಜನ ಕಿಟಕಿಯಿಂದ ಹೌದು ಹೌದು ಎಂದರು. ಡಾಕ್ಟರಮ್ಮನ ಮಾತು ಅಲ್ಲೇ ಗಾಳಿಗೆ ಹೋಯಿತು. ಗಾಯದ ಕಾರಣ ಕೈಗೆ ಸಿಗದೆ ಈ ಮನೆಯಿಂದ ಎದ್ದರೆ, ದಾವಲ್‌ಬೀಯ ಹೆಸರು ಇಲ್ಲೇ ಸತ್ತಂತೆ.

ಅಷ್ಟರಲ್ಲಿ ಪಾರ್ವತೆಮ್ಮ ತಾಟು ಹಾಕಿದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಡ್ಡೆ ಮೊಸರು. ಬೈದು ಕೂರಿಸಿ ಉಣಿಸುವ ಕೈ ಅದು. ಒಂದು ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ಬೀಳುತ್ತಿತ್ತು. ದಾವಲ್‌ಬೀ ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ಪಲ್ಯ ಬಡಿಸಿದಳು.

"ಸಾಕ್ರಿ ಅವ್ವಾರ, ಹೊಟ್ಟಿ ಒಡೀತದ."

"ಏನ್ ಸಾಕು? ಈ ಮನಿಯಾಗ ಹಸದು ಎದ್ದವ್ರಿಲ್ಲಕ್ಕ. ನಮ್ಮ ಚಿನ್ನಪ್ಪಗೂ ಹಂಗ. ಅದೇನ ದಿನಕ್ಕ ಹತ್ತು ಹುಳ ಸಾಕಂತಾರ್ರಿ, ಹತ್ತು ಯಾತಕ್ಕ ಸಾಲ್ತಾವ? ಸಂಜಿಗೆ ಎಲಿ ತುಂಬ ಒಂದು ಮುಷ್ಟಿ ಸುರೂತಿದ್ದೆ, ರಾತ್ರಿ ಹಸುವಾದ್ರ ತಿಂತದ ಅಂತ. ಬೆಳಿಗ್ಗಿ ನೋಡಿದ್ರ ಎಲಿ ತೊಳದಂಗ ಖಾಲಿ!"

ದಾವಲ್‌ಬೀಯ ಬಾಯಿಗೆ ಹೋಗುತ್ತಿದ್ದ ತುತ್ತು ನಿಂತಿತು. "ಎಲಿ? ಯಾವ ಎಲಿ ಅವ್ವಾರ?"

"ಮುತ್ತಲ ಎಲಿ ಪತ್ರಾವಳಿ. ನಿಮ್ಮ ಸೊಸಿ ಗಾಜಿನ ಬಟ್ಟಲಾ ಕಳಿಸಿದ್ಲು, ಚಲೋದೈತಿ ಅಂತ ಮಜ್ಜಿಗಿಗೆ ಇಟಗೊಂಡೆ. ಲಿಂಗ ಕಟ್ಟಿದ ಮನಿ ನಮ್ದು, ಹುಳಕ್ಕ ಮನಿ ಬಟ್ಟಲಾ ಕೊಡಾಕ ಬರ್ತದೇನು? ಎಲಿ ಆದ್ರ ದಿನಾ ಚೆಲ್ಲಬಹುದು."

ನಾಹಿದಾ ಅತ್ತೆಯ ಮುಖ ನೋಡಿದಳು. ಅತ್ತೆ ಸೊಸೆಯ ಮುಖ ನೋಡಲಿಲ್ಲ, ತಾಟು ನೋಡಿದಳು. ಗಾಜಿನ ಬಟ್ಟಲಿನ ನುಣುಪು ಗೋಡೆಯನ್ನು ಹುಳ ಹತ್ತಲಾರದು. ಪತ್ರಾವಳಿಯ ಮೇಲಿನ ಹುಳವನ್ನು ಹಿಡಿದಿಡುವವರು ಯಾರು? ಮೂವತ್ತೈದು ವರ್ಷ ಮೊರದಿಂದ ಇಳಿದು ಓಡುವ ಹುಳವನ್ನು ಬೆನ್ನಟ್ಟಿದವಳಿಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ. ಬೆಳಕು ಕಂಡರೆ ಹುಳ ಕೆಳಗಿಳಿಯುತ್ತದೆ, ಕೆಳಗಿಳಿದರೆ ಹೂತುಕೊಳ್ಳುತ್ತದೆ. ಎಲೆ ಖಾಲಿಯಾದದ್ದು ತಿಂದಲ್ಲ!

ಕಾರಣ ಸಿಕ್ಕಿತು. ಸಿಕ್ಕ ಖುಷಿಗೆ ಎದ್ದು ಕುಣಿಯಬೇಕು ಅನ್ನಿಸಿತು. ಆದರೆ ಈ ಮಾತು ಹೊರಬಿದ್ದರೆ ನೇರ ಬೀಳುವುದು ಪ್ರೀತಿಯಿಂದ ರೊಟ್ಟಿ ಬಡಿಸುತ್ತಿರುವ ಈ ಹೆಂಗಸಿನ ತಲೆಯ ಮೇಲೆ. ಅವಳ ಉಪ್ಪು ಇನ್ನೂ ನಾಲಿಗೆಯ ಮೇಲಿದೆ. ದಾವಲ್‌ಬೀ ಕೊನೆಯ ತುತ್ತನ್ನು ನಿಧಾನ ನುಂಗಿದಳು, ಕೈ ತೊಳೆದಳು, ಅಂಗಳಕ್ಕೆ ಬಂದು ನಿಂತಳು.

"ಸಾಹುಕಾರ್ರೇ, ಮನ್ಯಾಗ ಮೊರ ಐತೇನ್ರಿ? ಬಿದಿರಿಂದು, ದೊಡ್ಡದು."

"ಮೊರ ಯಾಕ? ಜ್ವಾಳ ಹಸನು ಮಾಡಾಕ ಬಂದೀರೇನು?"

"ನಿಮ್ಮ ಮಾತು ಹಸನು ಮಾಡಾಕ. ತರಸ್ರಿ. ಮತ್ತ ಚಿನ್ನಪ್ಪನ ಪೆಟಿಗಿಯಾಗಿನ ಉಸುಕು ಅಷ್ಟೂ ತರಸ್ರಿ."

ಜನ ನಕ್ಕರು. ಮೊರ ಬಂತು, ಉಸುಕಿನ ಬುಟ್ಟಿ ಬಂತು. ದಾವಲ್‌ಬೀ ಅಂಗಳದ ನಡುವೆ ಕಾಲು ಚಾಚಿ ಕೂತು, ನಾಲ್ಕು ಹಳೆ ಪೇಪರು ಸುತ್ತ ಹಾಸಿಸಿ, ಮೊದಲ ಮೊಗೆ ಉಸುಕನ್ನು ಮೊರಕ್ಕೆ ಸುರಿದುಕೊಂಡಳು. ಸುರಿದು ಒಂದು ಸಲ ಬಿಸ್ಮಿಲ್ಲಾ ಅಂದಳು. ಆಮೇಲೆ ಮೊರ ಎದ್ದಿತು.

ಏನು ಕೈ ಅದು! ಮೊದಲು ನಗುತ್ತಿದ್ದವರು ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ಚಟ್ ಚಟ್ ಎಂದು ಎರಡು ಪೆಟ್ಟು, ಒಂದು ಎಳೆತ, ಒಂದು ಓಲು. ಹಗುರಾದದ್ದು ಮೊರದ ತುದಿಗೆ ಬಂದು ಸುರಿಯುವುದು, ಭಾರವಾದದ್ದು ಹಿಂದೆ ಸರಿದು ಕೂರುವುದು, ನಡುವಿನದು ನಡುವೆ ನಿಲ್ಲುವುದು. ಒಂದು ಪೇಪರಿನ ಮೇಲೆ ಶುದ್ಧ ಉಸುಕು ಗುಡ್ಡೆಯಾಯಿತು. ಇನ್ನೊಂದರ ಮೇಲೆ ಚಿನ್ನಪ್ಪ ಕಳಚಿದ ಪೊರೆಯ ಚೂರುಗಳು. ಮೂರನೆಯದರ ಮೇಲೆ ಅದರ ಒಣ ಹಿಕ್ಕೆ. ನಾಲ್ಕನೆಯದು ಖಾಲಿ ಇತ್ತು. ದಾವಲ್‌ಬೀ ಮೊರವನ್ನು ಅದರ ಕಡೆ ಬಾಗಿಸಿ, ಹೆಬ್ಬೆರಳಿನಿಂದ ಒಂದು ತಟ್ಟು ತಟ್ಟಿದಳು.

ಪೇಪರಿನ ಮೇಲೆ ಹುಳ ಸುರಿಯಿತು. ಜೀವಂತ, ದಪ್ಪ, ಹೊಳೆಯುವ ಹುಳ. ಎರಡನೆಯ ಮೊಗೆಗೂ ಸುರಿಯಿತು, ಮೂರನೆಯದಕ್ಕೂ. ಅವುಗಳ ಜೊತೆ ಹುಳದಿಂದ ಬೆಳೆದು ರೆಕ್ಕೆ ಬಂದ ಕರಿ ಜೀರುಂಡೆಗಳು ಎದ್ದು ಓಡತೊಡಗಿದವು. ಮುಂದೆ ನಿಂತಿದ್ದ ಹೆಂಗಸರು ಕಿಟ್ಟನೆ ಕಿರುಚಿ ಸೀರೆ ಎತ್ತಿಕೊಂಡು ಹಾರಿದರು. ಬುಟ್ಟಿ ಬರಿದಾಗುವ ಹೊತ್ತಿಗೆ ಒಂದು ಬೊಗಸೆ ತುಂಬುವಷ್ಟು ಹುಳ.

"ನೋಡ್ರಿ ಸಾಹುಕಾರ್ರೇ. ನಿಮ್ಮ ಚಿನ್ನಪ್ಪ ತಿಂದಾನಂತ ನೀವು ತಿಳಕೊಂಡ ಹುಳ ಇವು. ಉಸುಕಿನ್ಯಾಗ ಮನಿ ಮಾಡಿ, ಸಂಸಾರ ಹೂಡಿ, ಮಕ್ಕಳ ಮರಿ ಮಾಡಾಕತ್ತಾವ. ಡಾಕ್ಟರಮ್ಮ, ಆ ಹಿಕ್ಕಿ ಒಂದೀಟ ಬಿಡಿಸಿ ತೋರ್ಸವ್ವ."

ಶಿವಕುಮಾರಿ ಕಡ್ಡಿಯಿಂದ ಹಿಕ್ಕೆಯನ್ನು ಬಿಡಿಸಿದಳು. ಒಳಗೆ ತೆಳ್ಳನೆಯ ಹುಳದ ಸಿಪ್ಪೆಗಳು, ಜೋಳದ ಹೊಟ್ಟಿನ ಹಾಗೆ. ಊದಿದರೆ ಹಾರಿಹೋದವು.

"ಒಳಗ ಹೋದ ಹುಳ ಹೊಟ್ಟಾಗಿ ಹೊರಗ ಬಂದೈತಿ. ಹೊರಗ ಉಳದ ಹುಳ ಹಲ್ಲು ಮಸದೈತಿ," ಎಂದಳು ದಾವಲ್‌ಬೀ. "ಈಗ ಒಂದು ಸೌತಿಕಾಯಿ ಹೋಳು ತರ್ರಿ."

ಹೋಳನ್ನು ಹುಳಗಳ ನಡುವೆ ಇಟ್ಟರು. ದಿನಗಟ್ಟಲೆ ಉಸುಕಿನಲ್ಲಿ ಹಸಿದು ಬಿದ್ದಿದ್ದ ಹುಳಗಳು ಮುತ್ತಿಕೊಂಡವು. ಚಹ ಕುಡಿದು ಮುಗಿಸುವಷ್ಟರಲ್ಲಿ ಸೌತೆಯ ಮೆತ್ತನೆಯ ತಿರುಳಿನಲ್ಲಿ ಗುಳಿಗಳೆದ್ದವು. ಶಿವಕುಮಾರಿ ಚಿನ್ನಪ್ಪನನ್ನು ತಂದು ಪಕ್ಕದಲ್ಲೇ ಹಿಡಿದಳು. ಸೌತೆಯ ಗುಳಿ, ಹೊಟ್ಟೆಯ ಪಕ್ಕದ ಗಾಯ, ಎರಡರ ಅಂಚೂ ಒಂದೇ ಥರ. ಕಿಟಕಿಯಲ್ಲಿ ಹೌದು ಹೌದು ಎಂದಿದ್ದವರೇ ಈಗಲೂ ಹೌದು ಹೌದು ಎಂದರು.

"ಚಳಿಗೆ ಇದು ಕಲ್ಲಿನಂಗ ಮಲಗ್ತದ್ರಿ," ಶಿವಕುಮಾರಿ ವಿವರಿಸಿದಳು. "ಮೈ ಮ್ಯಾಲ ಹುಳ ಹರದಾಡಿದ್ರೂ ಎಚ್ಚರಾಗಂಗಿಲ್ಲ. ಅವು ಮೆತ್ತಗ ಇದ್ದಲ್ಲಿ ಬಾಯಿ ಹಾಕ್ಯಾವ."

ಅಮರಗುಂಡಪ್ಪ ಬಗ್ಗಿ ಸೌತೆಯ ಹೋಳನ್ನು ಎತ್ತಿ ತಿರುಗಿಸಿ ನೋಡಿದ. ಪಾರ್ವತೆಮ್ಮ ಕಂಬ ಹಿಡಿದು ನಿಂತಿದ್ದವಳು ಕುಸಿದು ಕೂತಳು. ಯಾರೂ ಅವಳ ಹೆಸರೆತ್ತಿರಲಿಲ್ಲ, ಅವಳಿಗೇ ಅರ್ಥವಾಗಿತ್ತು. "ನನ್ನ ಕೈಯಿಂದನ ಆತಲ್ಲಕ್ಕ! ಹಸದೀತು ಹಸದೀತು ಅಂತ ನಾನೇ ಸುರದೆ. ನಾನೇ ಅದನ್ನ ಹುಳಕ್ಕ ಹಾಕಿದೆ!"

ದಾವಲ್‌ಬೀ ಮೊರ ಬದಿಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು, ಅವಳ ಪಕ್ಕದಲ್ಲಿ ಕೂತಳು. "ಅಳಬ್ಯಾಡ್ರಿ ಅವ್ವಾರ. ಉಣಸೂದು ತಪ್ಪೇನು? ನಿಮ್ಮ ಕೈ ದೊಡ್ಡದು, ಅದರ ಹೊಟ್ಟಿ ಸಣ್ಣದು, ಇಷ್ಟೇ." ಆಮೇಲೆ ಸೊಸೆಯ ಕಡೆ ತಿರುಗಿದಳು, ದನಿ ಮತ್ತೆ ಬಿರುಸಾಯಿತು. "ತಪ್ಪು ನಮ್ದೂ ಐತಿ. ಡಬ್ಬಿ ಕಳಿಸ್ತಾಳ, ಬಟ್ಟಲಾ ಕಳಿಸ್ತಾಳ, ಬಟ್ಟಲಾ ಯಾಕಂತ ಒಂದು ಚೀಟಿ ಬರದು ಹಾಕಾಕ ಆಗಲಿಲ್ಲ ಮಹಾರಾಣಿಗೆ! ತಿಳಿದ್ರ ತಾನೇ ಯಾರರ ಮಾಡೂದು?"

"ಹೌದ್ರಿ ಅಮ್ಮಿ, ತಪ್ಪಾತು," ಎಂದಳು ನಾಹಿದಾ. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗೆಯೂ ಇತ್ತು. ಬೆಳಗಿನಿಂದ ಅತ್ತೆ ‘ನಿನ್ನ ಹುಳ, ನಿನ್ನ ಡಬ್ಬಿ’ ಎನ್ನುತ್ತಿದ್ದವಳು ಈಗ ತಪ್ಪು ನಮ್ಮದೂ ಎಂದಿದ್ದಳು.

ಅಮರಗುಂಡಪ್ಪ ಮುಂದೆ ಬಂದ. ಸಿಟ್ಟಿನ ಮನುಷ್ಯ ನಿಜ, ಖೊಟ್ಟಿ ಮನುಷ್ಯನಲ್ಲ. ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. "ದಾವಲ್‌ಬೀ ಅವ್ವಾರ, ನೋಡದ ಕೇಳದ ಬಾಯಿ ಬಿಟ್ಟೆ. ನಿಮ್ಮ ಹೆಸರಿಗೆ ಮಸಿ ಬಳದೆ. ತಪ್ಪು ಒಪ್ಪಕೊಂತೀನ್ರಿ."

"ನನ್ನ ಮುಂದ ಒಪ್ಪಕೊಂಡ್ರ ಏನು ಬಂತು? ಊರಿನ ಮುಂದ ಬೈದೀರಿ, ಊರಿನ ಮುಂದ ಒಪ್ಪಕೋರಿ."

"ಈಗಿಂದೀಗ!" ಎಂದು ಅವನು ಜೇಬಿನಿಂದ ಮೊಬೈಲು ತೆಗೆದ.

ಅಷ್ಟರಲ್ಲಿ ನಾಹಿದಾಳ ಮೊಬೈಲು ಬಡಿದುಕೊಂಡಿತು. ಮೊರ ಆಡುವಾಗ ಅವಳು ತೆಗೆದ ವಿಡಿಯೋ ದಾನಿಷ್‌ಗೆ ಹೋಗಿ, ಅಲ್ಲಿಂದ ಸಿಂಧನೂರಿನ ಬಜಾರಿಗೆ ಹೋಗಿ, ಆಗಲೇ ಅಂಗಡಿ ಅಂಗಡಿ ತಿರುಗುತ್ತಿತ್ತು. "ಅಮ್ಮಿ, ಪಂಪಾಪತಿ ಸಾಹುಕಾರ್ರು. ಮಠದ ಅಕ್ಕಿ ಬಂದೈತಂತ, ಮತ್ಯಾರು ಕೈ ಹಚ್ಚಿದ್ರೂ ಒಲ್ಲೆ ಅಂತಾರಂತ. ನಾಳಿ ನಸುಕಿನ್ಯಾಗ ಬರ್ತೀರೇನು ಅಂತ ಕೇಳಾಕತ್ತಾರ."

"ಈಗ ಪುರಸತ್ತಿಲ್ಲ ಅನ್ನು," ಎಂದಳು ದಾವಲ್‌ಬೀ. ಹೇಳುವಾಗ ಎದೆಯ ಮೇಲಿನ ಹೇರು ಇಳಿದು ಮೈ ಹಗುರಾಯಿತು. ಸಂತೋಷಕ್ಕೆ ಕಣ್ಣು ಮಂಜಾದವು, ಸೆರಗಿನಿಂದ ಒರೆಸಿಕೊಂಡಳು.

ಅಂಗಳದ ಬಿಸಿಲಲ್ಲಿ ಮತ್ತೆ ಕೂತಳು. ಮುಂದೆ ಮೊರ, ಮೊರದಲ್ಲಿ ಹುಳ. ಒಂದು ಪಕ್ಕ ಚಿನ್ನಪ್ಪನನ್ನು ಮಡಿಲಲ್ಲಿಟ್ಟುಕೊಂಡ ಪಾರ್ವತೆಮ್ಮ, ಇನ್ನೊಂದು ಪಕ್ಕ ನಾಹಿದಾ. ಸುತ್ತ ಓಣಿಯ ಜನ ನಿಂತರು. ಅಮರಗುಂಡಪ್ಪ ಮೊಬೈಲನ್ನು ನೆಟ್ಟಗೆ ಹಿಡಿದು, ಮೊದಲಿನಷ್ಟೇ ಗಟ್ಟಿ ದನಿಯಲ್ಲಿ ಶುರುಮಾಡಿದ.

"ನಾ ಲಿಂಗಸುಗೂರಿನ ಅಮರಗುಂಡಪ್ಪ. ಬೆಳಿಗ್ಗಿ ನಾ ಹೇಳಿದ್ದು ಶುದ್ಧ ಸುಳ್ಳು. ತಪ್ಪು ನಮ್ಮ ಮನಿದು. ಉಳದ ಹುಳ ಪೆಟಿಗಿಯಾಗ ಬಿಟ್ವಿ, ಅವು ನಮ್ಮ ಚಿನ್ನಪ್ಪನ್ನ ಕಡದ್ವು. ಇವರು ಸಿಂಧನೂರಿನ ಹಿರ್ಯಾಕಿ, ಅಕ್ಕಿ ಹಸನು ಮಾಡೂದ್ರಾಗ ಹೆಸರಾದವ್ರು. ಹುಳ ಇವರವಲ್ರಿ, ಇವರ ಸೊಸಿಯವು. ಸೊಸಿ ತಿಳೀದ ಇವರ ಹೆಸರು ಹಾಕ್ಯಾಳ. ಇವರಿಗೂ ಹುಳಕ್ಕೂ ಯಾವ ಸಂಬಂಧನೂ..."

"ನಿಂದರ್ರಿ ಸಾಹುಕಾರ್ರೇ," ದಾವಲ್‌ಬೀ ಕೈ ಎತ್ತಿದಳು.

ಮೊಬೈಲು ಆಕೆಯ ಕಡೆ ತಿರುಗಿತು. ಆಕೆ ಮೊರದಿಂದ ಒಂದು ಹುಳವನ್ನು ಎರಡು ಬೆರಳಲ್ಲಿ ಎತ್ತಿ, ಬಿಸಿಲಿಗೆ ಹಿಡಿದು, ಕೇಳುವವರಿಗೆಲ್ಲ ಸರಿಯಾಗಿ ಕೇಳಲಿ ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಎಲ್ಲಾರೂ ಕೇಳ್ರಿ. ನುಣ್ಣನ ಬಟ್ಟಲದಾಗ ಹಾಕ್ರಿ. ಹತ್ತು ಅಂದ್ರ ಹತ್ತೇ. ಹಗಲಿನ್ಯಾಗ ಹಾಕ್ರಿ, ಮುಂದ ಕುಂತು ತಿನ್ಸ್ರಿ. ಉಳದಿದ್ದು ಒಂದೂ ಬಿಡದಂಗ ತಗೀರಿ. ಇಷ್ಟ ಮಾಡಿದ ಮ್ಯಾಲ ಏನರ ಆದ್ರ ನನ್ನ ಕೇಳ್ರಿ, ನನ್ನ ಸೊಸಿನ್ನ ಕೇಳಬ್ಯಾಡ್ರಿ. ನಾ ಸಿಂಧನೂರಿನ ದಾವಲ್‌ಬೀ. ಈ ಹುಳ ನನ್ನವು."